ಎಂಟನೇ ಮೆಂಬರು

ಹಣಮಪ್ಪನ ಗುಡಿಯ ಮುಂದೆ, ಚಪ್ಪಲಿ ಬಿಡುವ ಜಾಗದಲ್ಲಿ, ಸತ್ಯವ್ವ ನಿಂತದ್ದು ಇದು ಮೂರನೇ ಸಲ. ಹರಕೆ ಹೊತ್ತು ಬಂದವಳಲ್ಲ, ಪ್ರಸಾದಕ್ಕೆ ಕೈಯೊಡ್ಡಲು ಬಂದವಳೂ ಅಲ್ಲ. ಅವಳು ಹಿರೇಮಡ್ಡಿ ಗ್ರಾಮ ಪಂಚಾಯತಿಯ ಮೆಂಬರು. ಸರಕಾರದ ಕಾಗದದ ಮೇಲೆ ಹಾಗಂತ ಶಿಕ್ಕಾ ಬಿದ್ದಿತ್ತು. ಪಂಚಾಯತಿಯ ಸಭೆ ಗುಡಿಯ ಒಳಗೆ ನಡೆದಿತ್ತು, ಮೆಂಬರು ಹೊರಗೆ ನಿಂತು ಉಳಿದವರ ಚಪ್ಪಲಿ ಕಾಯುತ್ತಿದ್ದಳು. ಇದಕ್ಕೆ ಸ್ವರಾಜ್ಯ ಅನ್ನುವುದಾದರೆ ಅನ್ನಿ.

ಹಿರೇಮಡ್ಡಿ ಟಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವೆ ಬರುವ ಊರು. ಸ್ವಾತಂತ್ರ್ಯ ಬಂದು ಎರಡು ವರ್ಷ ಇನ್ನೂ ತುಂಬಿರಲಿಲ್ಲ. ಊರಿಗೆ ಪಂಚಾಯತಿ ಬಂತು, ಏಳು ಜನ ಮೆಂಬರು, ಅದರಲ್ಲಿ ಒಂದು ಸೀಟು ಹರಿಜನರಿಗೆ ಎಂದು ಕಾಯ್ದೆ. ಕೇರಿಯಲ್ಲಿ ಆ ಸೀಟಿಗೆ ತಕ್ಕವನು ಭಾಗಪ್ಪ. ಸೊಲ್ಲಾಪುರದ ಗಿರಣಿಯಲ್ಲಿ ಎಂಟು ವರ್ಷ ದುಡಿದು ಬಂದವನು, ಪೇಪರು ಓದುವವನು, ಮಾತಿಗೆ ಮಾತು ಕೊಡುವವನು. ಊರ ಗೌಡ ಗುರಲಿಂಗಪ್ಪನಿಗೆ ಅವನ ಹೆಸರು ಕೇಳಿದರೇ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತು.

"ಓದಿದಾಂವ ಎದಿಮ್ಯಾಲ ಕುಂದರತಾನ," ಅಂದ ಗುರಲಿಂಗಪ್ಪ. "ಆ ಕಸಾ ಹೊಡಿಯೂ ಸತ್ಯವ್ವನ್ನ ಮಾಡ್ರಿ. ಗಂಡಿಲ್ಲದಾಕಿ, ಹೆಬ್ಬೆಟ್ಟಿನಾಕಿ. ಹ್ಞೂಂ ಅಂದಲ್ಲಿ ಹ್ಞೂಂ ಅಂತಾಳ."

ಬುದ್ಧಿವಂತನ ಲೆಕ್ಕ ಅಲ್ಲೇ ತಪ್ಪಿದ್ದು. ಸತ್ಯವ್ವ ಮೂವತ್ತು ವರ್ಷ ಊರ ಚಾವಡಿಯ ಕಸ ಹೊಡೆದವಳು. ಕಸ ಹೊಡೆಯುವವಳು ಮನುಷ್ಯಳೇ, ಅವಳಿಗೂ ಕಿವಿ ಇರುತ್ತವೆ ಎಂಬುದು ಚಾವಡಿಯಲ್ಲಿ ಕುಳಿತ ಯಾರಿಗೂ ಎಂದೂ ಹೊಳೆದಿರಲಿಲ್ಲ. ಯಾರ ಹೊಲ ಯಾರ ಹೆಸರಿಗೆ ಹತ್ತಿತು, ವಿಜಾಪುರದಿಂದ ಯಾವ ಕಾಗದ ಬಂತು, ಯಾವುದನ್ನು ಮಡಚಿ ಜಂತಿಯ ಸಂದಿಗೆ ಸಿಕ್ಕಿಸಿದರು, ಎಲ್ಲ ಅವಳ ಕಿವಿಯಲ್ಲಿತ್ತು. ಅಕ್ಷರ ಬಾರದವಳಿಗೆ ನೆನಪೇ ದಫ್ತರ.

ಮೊದಲನೇ ಸಭೆ ಚಾವಡಿಯಲ್ಲೇ ನಡೆಯಿತು. ಸತ್ಯವ್ವ ಸೆರಗು ಹೊದ್ದುಕೊಂಡು ಬಂದು ಜಮಖಾನೆಯ ಅಂಚಿಗೆ ಕುಳಿತಳು. ಜಮಖಾನೆಯ ಆ ಕಡೆಯವರೆಲ್ಲ ಒಂದು ಗೇಣು ಸರಿದರು. ಚಹಾ ಬಂತು, ಅವಳಿಗೆ ಬರಲಿಲ್ಲ. ಅದನ್ನೂ ನುಂಗಿದಳು. ಗುರಲಿಂಗಪ್ಪ ಎದ್ದು ಸಭೆ ಮುಗಿಸುವಷ್ಟರಲ್ಲಿ ಕೇಳಿದಳು.

"ಗೌಡ್ರ, ನಮ್ಮ ಕೇರಿಗೆ ಬಾವಿ ಮಂಜೂರಾಗಿ ಎರಡ ತಿಂಗಳಾತು. ಮಾರ್ಚ ಮುಗಿಯೂದ್ರೊಳಗ ಜಾಗಾ ತೋರಸಲಿಲ್ಲಂದ್ರ ವಾಪಸ ಹೋಗತೈತಿ. ಎಲ್ಲಿ ತೋಡತೀರಿ?"

ಕಾರಕೂನ ಶಂಕ್ರೆಪ್ಪನ ಕೈಯಲ್ಲಿದ್ದ ಲೇಖನಿ ನಿಂತುಬಿಟ್ಟಿತು. ಆ ಕಾಗದ ಬಂದದ್ದು ಊರಲ್ಲಿ ಮೂರೇ ಮಂದಿಗೆ ಗೊತ್ತು ಎಂದು ಅವನು ತಿಳಿದಿದ್ದ. ನಾಲ್ಕನೆಯವಳು ಕಾಗದ ಬಂದ ಆ ಹೊತ್ತಿನಲ್ಲಿ ಅವನ ಕಾಲ ಬಳಿ ಕಸ ಬಳಿಯುತ್ತಿದ್ದಳು.

ಬಾವಿ ಅಂದರೆ ಸತ್ಯವ್ವನಿಗೆ ಬರೀ ಬಾವಿಯಲ್ಲ. ಕೇರಿಯವರು ಕುಡಿಯುವುದು ಹಳ್ಳದ ಮರಳಲ್ಲಿ ತೋಡಿದ ಒರತಿಯ ನೀರು. ಅಲ್ಲೇ ಮೇಲುಗಡೆ ಊರವರ ಬಟ್ಟೆ ಒಗೆತ, ದನದ ಮೈ ತೊಳೆತ. ಹೋದ ಬೇಸಿಗೆಯಲ್ಲಿ ಆ ನೀರು ಕುಡಿದು ಮೂರು ವರ್ಷದ ಮೊಮ್ಮಗಳು ವಾಂತಿಭೇದಿಯಾಗಿ ಎರಡೇ ದಿನಕ್ಕೆ ಹೋದಳು. ಈಗ ಸೊಸೆ ಮಾಳವ್ವನಿಗೆ ಮತ್ತೆ ಐದು ತಿಂಗಳು. ಆ ಹೊಟ್ಟೆ ಹೊತ್ತುಕೊಂಡೇ ಎರಡು ಕೊಡ ತರುತ್ತಾಳೆ, ಅದೇ ಒರತಿಯಿಂದ. ಹುಟ್ಟುವ ಕೂಸಿಗೆ ಮೊದಲ ಗುಟುಕು ಅದೇ ನೀರು ಎಂದು ನೆನೆದರೆ ಸತ್ಯವ್ವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೇರಿಯ ಬಾಯಿಗೇ ಇರುವ ಬೇವಿನ ಮರದ ಮಗ್ಗುಲಲ್ಲಿ ಬಾವಿಯಾಗಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಸಭೆ ಮುಗಿದ ಮೇಲೆ ಜಮಖಾನೆಯನ್ನು ಹಳ್ಳಕ್ಕೆ ಒಯ್ದು ಒಗೆದರು. ಆ ಕೊಳೆ ನೀರು ಹರಿದು ಬಂದದ್ದು ಯಾರ ಒರತಿಗೆ ಎಂದು ಬೇರೆ ಹೇಳಬೇಕಿಲ್ಲ.

ಮುಂದಿನ ತಿಂಗಳು ಗುರಲಿಂಗಪ್ಪನಿಗೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತು. "ದೇವರ ಹೆಸರ ಇಲ್ಲದ ಊರ ಕೆಲಸ ಸುರು ಮಾಡಬಾರದು. ಇನ್ನಮ್ಯಾಲ ಸಭಾ ಹಣಮಪ್ಪನ ಗುಡಿಯೊಳಗ. ಮೊದಲ ಪ್ರಾರ್ಥನಾ, ಆಮ್ಯಾಲ ತೀರ್ಥ, ತೀರ್ಥ ತಗೊಂಡವರದು ಹಾಜರಿ ಸಹಿ," ಎಂದು ಠರಾವು ಮಾಡಿಸಿದ. ಎಷ್ಟು ಚಂದದ ಮಾತು ನೋಡಿ. ದೇವರು ಬೇಡ ಅನ್ನಲು ಯಾರಿಗೆ ಬಾಯಿ ಬಂದೀತು? ಸತ್ಯವ್ವನನ್ನು ಯಾರೂ ಹೊರಗೆ ಹಾಕಲಿಲ್ಲ. ದೇವರನ್ನು ಬಾಗಿಲಿಗೆ ತಂದು ನಿಲ್ಲಿಸಿದರು, ಅಷ್ಟೇ. ಅವಳು ತಾನಾಗಿಯೇ ಹೊರಗೆ ಉಳಿದಳು. ಖಾಲಿಬಿದ್ದ ಚಾವಡಿಯಲ್ಲಿ ಎಂಟು ದಿನಕ್ಕೇ ಗೌಡನ ಹೊಲದ ಕಣಿಕೆ, ಜೋಳದ ಒಣ ದಂಟು, ಬಂದು ಬಿತ್ತು, ಜಂತಿಯವರೆಗೂ.

ಅವಳ ಜೊತೆ ಹೊರಗೆ ನಿಲ್ಲುತ್ತಿದ್ದವನು ಒಬ್ಬನೇ, ಪಿಂಜಾರ ಅಬ್ದುಲಸಮದ. ಹತ್ತಿ ಹಿಂಜಿ ಗಾದಿ ಮಾಡಿಕೊಡುವವನು, ಅವನೂ ಮೆಂಬರೇ. ಒಳಗೆ ಗಂಟೆ ಬಾರಿಸುವಾಗ ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನೆಲ ನೋಡುತ್ತಿದ್ದ.

ಮೂರನೇ ಸಲದ ಈ ದಿನ ಮಂಗಳಾರತಿ ಮುಗಿದು, ತೀರ್ಥ ಮುಗಿದು, ಸಭೆಯೂ ಮುಗಿಯಿತು. ಶಂಕ್ರೆಪ್ಪ ಹಾಜರಿ ಪುಸ್ತಕ ಹಿಡಿದು ಮೆಟ್ಟಿಲಿಳಿದು ಬಂದ. ಸಮದನ ಮುಂದೆ ಹಾಳೆ ತೆರೆದ, ಸಮದ ಸಹಿ ಮಾಡಿದ. ಸತ್ಯವ್ವ ಎಂದಿನಂತೆ ಹೆಬ್ಬೆಟ್ಟು ಮುಂದೆ ಮಾಡಿದಳು.

"ನಿಂದು ಆಮ್ಯಾಲ ತಗೋತೇನಂತ ಹೇಳೇನಲ್ಲ ಬೇ," ಅಂದ ಶಂಕ್ರೆಪ್ಪ.

"ಮೂರ ಸಲಾ ಆಮ್ಯಾಲ ಅಂದಿ. ಆ ಆಮ್ಯಾಲ ಯಾವಾಗ ಬರತೈತೋ ಯಪ್ಪಾ?"

ಶಂಕ್ರೆಪ್ಪ ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಆದರೆ ಗೆದ್ದವನ ನಾಲಿಗೆ ಸುಮ್ಮನಿರಲಾರದು. "ತೀರ್ಥ ತಗೋಳಾರದವರದು ಹಾಜರಿ ಇಲ್ಲ. ಸಮದಂದು ಬ್ಯಾರೆ ಧರ್ಮ, ಅಂವಗ ಗೌಡ್ರ ಮಾಫಿ ಮಾಡ್ಯಾರ. ಮೂರ ಸಭಾಕ್ಕ ನೀ ಗೈರಹಾಜರ. ಬಾವಿದು ಇವತ್ತ ಠರಾವ ಆತು. ಗೌಡ್ರ ಕಬ್ಬಿನ ಗದ್ದಿ ದಂಡ್ಯಾಗ ತೋಡತಾರ. ಹರಿಜನ ಮೆಂಬರ ಬರಲೇ ಇಲ್ಲ ಅಂತ ಬರದೇನಿ. ಇನ್ನೊಂದ ಸಭಾ ಹಿಂಗ ಆತಂದ್ರ ನಿನ್ನ ಸೀಟೂ ಹೋಗತೈತಿ."

ಕೇರಿಯಿಂದ ಗೌಡನ ಕಬ್ಬಿನ ಗದ್ದೆ ಒಂದೂವರೆ ಮೈಲಿ. ಬಾವಿ ಹೊಲೆಯರ ಹೆಸರಿಗೆ, ನೀರು ಗೌಡನ ಕಬ್ಬಿಗೆ.

ಸತ್ಯವ್ವನ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಮೊದಲು ತಿರುಗಿದ್ದು ಶಂಕ್ರೆಪ್ಪನ ಮೇಲಲ್ಲ, ಸಮದನ ಮೇಲೆ.

"ಸಮದಣ್ಣ, ಮೂರ ಸಲಾ ನನ್ನ ಮಗ್ಗಲದಾಗ ನಿಂತೀದಿ. ಪುಸ್ತಕ ನಿನ್ನ ಮುಂದ ಬಂತು, ನನ್ನ ಮುಂದ ಬರಲಿಲ್ಲ. ಈಕಿದು ತಗೊ ಅಂತ ಒಂದ ಮಾತ ನಿನ್ನ ಬಾಯಾಗ ಬರಲಿಲ್ಲೇನೋ?"

ಸಮದ ಟೊಪ್ಪಿಗೆ ಹಾಕಿಕೊಂಡ. "ಸತ್ಯವ್ವ, ಹೋದ ಭಾದ್ರಪದದಾಗ ಆ ಕಡಿ ಹೈದರಾಬಾದ ಸೀಮಿಯೊಳಗ ದಂಡ ಹೊಕ್ಕಮ್ಯಾಲ ನಮ್ಮ ಮಂದಿಗೆ ಏನೇನ ಆತು ನೀನೂ ಕೇಳೀದಿ. ನಮ್ಮ ಮನ್ಯಾಗ ಹೇಣತಿ ನೂರಜಹಾನ ಇವತ್ತಿಗೂ ಬಾಗಲಾ ಬಡದ್ರ ನಡಗತಾಳ. ನಾ ಈ ಊರಾಗ ಬಾಳೇ ಮಾಡಬೇಕು. ಅವರು ಗುಡಿ ಅಂದ್ರ ಗುಡಿ, ಸಹಿ ಅಂದ್ರ ಸಹಿ."

"ನೀ ಬಾಳೇ ಮಾಡಪಾ. ನಮ್ಮ ಕೂಸ ಹಳ್ಳದ ನೀರ ಕುಡದ ಸಾಯಲಿ," ಎಂದು ಸತ್ಯವ್ವ ಹೊರಟುಬಿಟ್ಟಳು. ಅವನ ಮುಖ ಸಣ್ಣದಾದದ್ದನ್ನು ಅವಳು ನೋಡಲಿಲ್ಲ, ನೋಡಿದ್ದರೂ ಕರಗುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಭಾಗಪ್ಪನನ್ನು ಕರೆದುಕೊಂಡು ಟಿಕೋಟಾಕ್ಕೆ ನಡೆದು, ಅಲ್ಲಿಂದ ಮೋಟಾರು ಹತ್ತಿ ವಿಜಾಪುರಕ್ಕೆ ಹೋದಳು. ಪಂಚಾಯತಿಗಳ ಮೇಲಿನ ಸಾಹೇಬ ಖಾದಿ ತೊಟ್ಟವನು, ಒಳ್ಳೆಯವನೆಂದು ಹೆಸರಾದವನು. ಭಾಗಪ್ಪ ಬರೆದ ಅರ್ಜಿಯನ್ನು ಅರ್ಧ ಓದುವಷ್ಟರಲ್ಲೇ ಮೇಜು ಗುದ್ದಿದ.

"ಹರಿಜನರನ್ನ ಗುಡಿಯೊಳಗ ಬಿಡೂದಿಲ್ಲೇನು? ಕಾಯ್ದೆ ಬಂದು ಎಷ್ಟ ದಿವಸ ಆತು! ಸತ್ಯವ್ವಬಾಯಿ, ನೀವು ಹೆದರಬ್ಯಾಡ್ರಿ. ನಾನೇ ಬರತೀನಿ. ನಿಮ್ಮ ಕೈ ಹಿಡದು ನಾನೇ ಒಳಗ ಕರಕೊಂಡು ಹೋಗತೀನಿ."

"ಗುಡಿ ಅಲ್ಲರಿ ಸಾಹೇಬ್ರ, ಸಭಾ..." ಎಂದು ಸತ್ಯವ್ವ ಬಾಯಿ ತೆಗೆದಳು. ಸಾಹೇಬ ಆಗಲೇ ತನ್ನ ಕಾರಕೂನನಿಂದ ಹುಕುಮು ಬರೆಸುತ್ತಿದ್ದ. ಒಳ್ಳೆಯವರಿಗೆ ಕೇಳಿಸಿಕೊಳ್ಳಲು ಪುರಸೊತ್ತಿರುವುದಿಲ್ಲ. ಹೊರಗೆ ಬಂದ ಮೇಲೆ ಅವಳು ಭಾಗಪ್ಪನಿಗೆ ಹೇಳಿದಳು, "ನಾ ನೀರ ಕೇಳಿದ್ರ ಇಂವ ತೀರ್ಥ ಕೊಡತಾನಲ್ಲೋ."

ಮಾರ್ಚ್ ಮುಗಿಯಲು ಎರಡೇ ದಿನ ಉಳಿದಾಗ ಸಾಹೇಬನ ಜೀಪು ಹಿರೇಮಡ್ಡಿಗೆ ಬಂತು. ಗುಡಿಗೆ ಮಾವಿನ ತೋರಣ ಕಟ್ಟಿತ್ತು. ಇಡೀ ಊರು ಅಂಗಳದಲ್ಲಿ ಸೇರಿತ್ತು. ಗುರಲಿಂಗಪ್ಪ ಗಾಳಿ ಬಂದಾಗ ತೂರಿಕೊಳ್ಳುವ ಜಾಣ. ಇಸ್ತ್ರಿ ಅಂಗಿ ತೊಟ್ಟು, ಹಾರ ಹಿಡಿದು, ಗುಡಿಯ ಬಾಗಿಲಲ್ಲಿ ಕೈ ಜೋಡಿಸಿ ನಿಂತಿದ್ದ.

"ಬಾ ತಾಯಿ. ದೇವರ ಮುಂದ ಎಲ್ಲಾರೂ ಒಂದ," ಅಂದ. ನಿನ್ನೆಯವರೆಗೆ ಬೇ, ಇವತ್ತು ತಾಯಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಸತ್ಯವ್ವ ಮೆಟ್ಟಿಲ ತನಕ ಬಂದಳು. ಸುಳ್ಳೇಕೆ ಹೇಳಬೇಕು, ಒಳಗೆ ಹೋಗುವ ಆಸೆ ಅವಳಿಗೂ ಇತ್ತು. ಐವತ್ತು ವರ್ಷ ಈ ಗುಡಿಯ ದೀಪವನ್ನು ಬೀದಿಯಿಂದ ನೋಡಿದ್ದಳು. ಮದುವೆಯಾದಾಗ ಇಲ್ಲೇ ಧೂಳಿನಲ್ಲಿ ಹಣೆ ಹಚ್ಚಿದ್ದಳು, ಮೊಮ್ಮಗಳು ಸಾಯುವಾಗಲೂ ಇಲ್ಲೇ ಬಂದು ಸೆರಗೊಡ್ಡಿದ್ದಳು. ಒಳಗೆ ಸಿಂದೂರ ಹಚ್ಚಿದ ಹಣಮಪ್ಪ ಈಗ ನೇರ ಕಾಣಿಸುತ್ತಿದ್ದ. ಒಂದು ಹೆಜ್ಜೆ ಇಟ್ಟರೆ ಸಾಕು. ಕೇರಿಯ ಹೆಂಗಸರೆಲ್ಲ ಹಿಂದೆ ನಿಂತಿದ್ದರು.

ಒಳಗೆ ತಂಬಿಗೆಯಲ್ಲಿ ತೀರ್ಥವಿತ್ತು. ಮಗ್ಗುಲಲ್ಲೇ ಮಣೆಯ ಮೇಲೆ ಹಾಜರಿ ಪುಸ್ತಕ, ಅದರ ಮೇಲೆ ಎರಡು ಹೂವು. ಪುಸ್ತಕಕ್ಕೂ ಕುಂಕುಮ ಹಚ್ಚಿದ್ದರು.

ಅದನ್ನು ನೋಡಿದ್ದೇ ಎತ್ತಿದ ಕಾಲನ್ನು ಅವಳು ಹಿಂದಕ್ಕೆ ಇಟ್ಟಳು. ಹಿಂದೆ ತಿರುಗಿದಳು. ಚಪ್ಪಲಿಗಳ ನಡುವೆ ಸಮದ ಒಬ್ಬನೇ ನಿಂತಿದ್ದ, ಟೊಪ್ಪಿಗೆ ಕಂಕುಳಲ್ಲಿ.

"ಸಾಹೇಬ್ರ, ನಾ ಒಳಗ ಹೋದೆ ಅಂತ ತಿಳೀರಿ. ಸಮದಣ್ಣ?"

ಸಾಹೇಬ ತಬ್ಬಿಬ್ಬಾದ. "ಅವರದು ಬ್ಯಾರೆ, ಸತ್ಯವ್ವಬಾಯಿ. ಅವರ ಸಹಿ ಹೊರಗ ತಗೋತಾರ."

"ಇವತ್ತ ಅಂವ ಹೊರಗ. ನಾಳಿ ಗೌಡ್ರಿಗೆ ಸಿಟ್ಟ ಬಂದ್ರ ಮತ್ತೊಬ್ಬಾಂವ. ಬಾಗಲದಾಗ ದೇವರನ್ನ ಇಟ್ಟಮ್ಯಾಲ ಯಾರ್ನ ಬಿಡಬೇಕು ಯಾರ್ನ ಬಿಡಬಾರದು ಅನ್ನೂದು ಪೂಜಾರಿ ಕೈಯಾಗ. ನಾ ಬರೂದಿಲ್ಲರಿ."

ಸಾಹೇಬನ ಮುಖ ಕೆಂಪಾಯಿತು. "ನಿನ್ನ ಸಲುವಾಗಿ ಇಷ್ಟ ದೂರ ಬಂದೀನಿ. ಗುಡಿ ತೆರಸೀನಿ. ಈಗ ಬ್ಯಾಡ ಅಂದ್ರ? ದೇವರ ಮ್ಯಾಲೆ ನಂಬಿಕಿ ಇಲ್ಲೇನು ನಿನಗ?"

ಸತ್ಯವ್ವನಿಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷ ಕಸದ ಜೊತೆ ಬಳಿದು ಮೂಲೆಗೆ ಹಾಕಿದ ಮಾತೆಲ್ಲ ಒಮ್ಮೆಲೇ ಬಂತು.

"ನಂಬಿಕಿ ಇಲ್ಲ ಅಂತ ಯಾರ ಅಂದ್ರಿ? ನಮ್ಮ ಮರಗವ್ವ ಬೇವಿನ ಬುಡದಾಗ ಕುಂತಾಳ. ವಾರಕ್ಕೊಮ್ಮೆ ಎಣ್ಣಿ ಹಾಕತೇನಿ, ಅತ್ತು ಕರದು ಮಾಡತೇನಿ. ಆಕಿ ಎಂದೂ ನಾನೂ ಸಭಾಕ್ಕ ಬರತೇನಿ ಅಂತ ಹಟಾ ಮಾಡಿಲ್ಲ. ನಿಮ್ಮ ಹಣಮಪ್ಪ ಯಾಕ ಬರತಾನ? ಅಂವಗ ನಾ ಬೈಯೂದಿಲ್ಲ, ಅಂವಂದೇನ ತಪ್ಪ? ಅಂವನ್ನ ಹೊತಗೊಂಡ ಬಂದ ಬಾಗಲದಾಗ ನಿಲ್ಲಿಸ್ಯಾರಲ್ಲ, ಅವರಿಗೆ ಬೈತೇನಿ. ಗುಡಿ ನಾ ಕೇಳಿಲ್ಲ ಸಾಹೇಬ್ರ. ಗುಡಿಗೆ ನನ್ನ ಮನಸ ಬಂದಾಗ ನಾ ಬರತೇನಿ, ಕೈ ಮುಗೀಲಾಕ, ಸಹಿ ಮಾಡಾಕ ಅಲ್ಲ. ನನಗ ಚಾವಡಿ ಕೊಡ್ರಿ."

"ಭಾಳ ಆತು ಬೇ ನಿಂದು!" ಎಂದು ಗುರಲಿಂಗಪ್ಪ ಗದರಿದ. ತಾಯಿ ಹೋಗಿ ಬೇ ಮರಳಿ ಬಂದಿತ್ತು. "ಸಾಹೇಬ್ರ, ಈಕಿ ಹಟಮಾರಿ. ಠರಾವ ಆಗೇತಿ, ಮುಗಸೂಣು."

ಆದರೆ ಮುಗಿಸುವಂತಿರಲಿಲ್ಲ. ಶಂಕ್ರೆಪ್ಪ ಸಾಹೇಬನ ಕಿವಿಯಲ್ಲಿ ಹೇಳಿದ್ದು ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ಬರಲೇ ಇಲ್ಲ ಎಂದು ಬರೆದರೆ ಸಾಲದು, ಬಾವಿಯ ಜಾಗದ ಕಾಗದಕ್ಕೆ ಹರಿಜನ ಮೆಂಬರಿನ ಒಪ್ಪಿಗೆಯೇ ಬೇಕು, ಇಲ್ಲದಿದ್ದರೆ ಮೇಲಿನ ಕಚೇರಿ ತಿರುಗಿ ಕಳಿಸುತ್ತದೆ, ನಾಳಿದ್ದಿಗೆ ಮುದ್ದತು ಮುಗಿಯುತ್ತದೆ. ಸತ್ಯವ್ವ ಬಲಗೈಯ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿದಳು.

"ಇದ ಬೇಕಲ್ಲ? ಚಾವಡಿಗೆ ಬರ್ರಿ. ಅಲ್ಲಿ ಕೊಡತೇನಿ."

ಹೇಳಿ ನಡೆದೇಬಿಟ್ಟಳು. ಬಾವಿ ಕೈತಪ್ಪಿದರೆ ಎಂಬ ಹೆದರಿಕೆ ಅವಳಿಗೆ ಇರಲಿಲ್ಲವೆಂದಲ್ಲ. ಹೆಜ್ಜೆಹೆಜ್ಜೆಗೂ ಮಾಳವ್ವನ ಹೊಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಯಾರೂ ಬರದಿದ್ದರೆ ಆ ಕೂಸಿಗೆ ತಾನೇ ಹಳ್ಳದ ನೀರು ಹಾಕಿದಂತೆ. ಆದರೂ ತಿರುಗಿ ನೋಡಲಿಲ್ಲ.

ಚಾವಡಿಯ ಬಾಗಿಲು ತೆರೆದರೆ ಗೌಡನ ಕಣಿಕೆ. ಸತ್ಯವ್ವ ಸೆರಗು ಸಿಕ್ಕಿಸಿ ಮೊದಲ ಸೂಡು ಎಳೆದು ಬೀದಿಗೆ ಎಸೆದಳು. ಎರಡನೆಯದಕ್ಕೆ ಕೈ ಹಾಕುವಾಗ ಆ ಕಡೆಯಿಂದ ಇನ್ನೆರಡು ಕೈ ಬಂದವು. ಸಮದ. ಅವನು ಎಳೆದ, ಅವಳು ಎಸೆದಳು. ಭಾಗಪ್ಪ ಬಂದ, ಕೇರಿಯವರು ಬಂದರು. ಬೀದಿಯಲ್ಲಿ ಕಣಿಕೆ ಎದೆಮಟ್ಟ ಬಿತ್ತು. ಸರಕಾರದ ಕಟ್ಟಡದಲ್ಲಿ ಗೌಡ ಏನು ತುಂಬಿದ್ದ ಎಂಬುದನ್ನು ಸಾಹೇಬ ಜೀಪಿನ ಪಕ್ಕ ನಿಂತು ಕಣ್ಣಾರೆ ನೋಡಿದ. ನೋಡಿದ ಮೇಲೆ ಬಾರದೆ ಇರಲು ಅವನಿಗೆ ದಾರಿಯಿರಲಿಲ್ಲ. ಅವನ ಹಿಂದೆ ಗುರಲಿಂಗಪ್ಪ, ಅವನ ಹಿಂದೆ ಉಳಿದ ನಾಲ್ವರು.

ಜಮಖಾನೆ ಇರಲಿಲ್ಲ, ಬರಿ ನೆಲದ ಮೇಲೆಯೇ ಕುಳಿತರು. ಗುರಲಿಂಗಪ್ಪ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದ. "ಗುಡಿ ಬಿಟ್ಟ ಬಂದೇವಿ, ಬರಲಿ. ಪ್ರಾರ್ಥನಾ ಬಿಡಾಕಾಗೂದಿಲ್ಲ. ಎಲ್ಲಾರೂ ಎದ್ದ ನಿಂದರ್ರಿ."

"ಶಂಕ್ರೆಪ್ಪ," ಅಂದಳು ಸತ್ಯವ್ವ ಕುಳಿತಲ್ಲಿಂದಲೇ, "ಮೆಂಬರ ಎಷ್ಟ ಮಂದಿ ಓದು."

ಶಂಕ್ರೆಪ್ಪ ಸಾಹೇಬನ ಮುಖ ನೋಡಿದ. ಸಾಹೇಬ ತಲೆಯಾಡಿಸಿದ. ಶಂಕ್ರೆಪ್ಪ ಏಳು ಹೆಸರು ಓದಿದ.

"ಏಳ. ಎಂಟನೇ ಮೆಂಬರಂತ ಹಣಮಪ್ಪನ ಹೆಸರ ಅದರಾಗ ಐತೇನು?"

"ಇಲ್ಲ," ಅಂದ ಶಂಕ್ರೆಪ್ಪ ಮೆಲ್ಲಗೆ.

"ಹಂಗಾದ್ರ ಅಂವನ್ನ ಗುಡಿಯೊಳಗ ಅರಾಮ ಕುಂದರಲಾಕ ಬಿಡ್ರಿ. ಪ್ರಾರ್ಥನಾ ಮನ್ಯಾಗ ಮಾಡಿ ಬರ್ರಿ ಗೌಡ್ರ, ನಾನೂ ಮಾಡೇ ಬಂದೇನಿ. ಇಲ್ಲಿ ಬಾವಿ ಮಾತಾಡೂಣು."

ಗುರಲಿಂಗಪ್ಪನ ಜೋಡಿಸಿದ ಕೈ ಬಿಚ್ಚಲೂ ಆಗದೆ ಇಡಲೂ ಆಗದೆ ಹಾಗೇ ಉಳಿದವು. ಸಾಹೇಬ ಗಡಿಯಾರ ನೋಡಿ, "ಪುಸ್ತಕ ತಗೀರಿ," ಅಂದ. ಅವನಿಗೆ ಸತ್ಯವ್ವನ ಮಾತು ಒಪ್ಪಿಗೆಯಾಗಿತ್ತೋ, ಬಿಸಿಲು ತಡೆಯಲಾಗದೆ ಹಾಗಂದನೋ, ಹೇಳುವುದು ಕಷ್ಟ.

ಶಂಕ್ರೆಪ್ಪ ಹೊಸ ಹಾಳೆ ತೆರೆಯುವಾಗ ಸಮದ ಕೈ ಅಡ್ಡ ಇಟ್ಟ.

"ಹಿಂದಿನ ಹಾಳಿ ಮೊದಲ ತಗೀರಿ." ಅವನ ಟೊಪ್ಪಿಗೆ ತಲೆಯ ಮೇಲೇ ಇತ್ತು. "ಆ ಮೂರೂ ಸಭಾದಾಗ ಈಕಿ ನನ್ನ ಮಗ್ಗಲದಾಗ ನಿಂತಿದ್ಲು. ನಾ ನೋಡಿಯೂ ಸುಮ್ಮ ಇದ್ದೆ. ಗೈರಹಾಜರ ಅಂತ ಬರದದ್ದು ಸುಳ್ಳು. ಅದನ್ನ ಹೊಡದ ಹಾಕ್ರಿ, ಇಲ್ಲಾಂದ್ರ ನನ್ನ ಸಹೀನೂ ಹೊಡದ ಹಾಕ್ರಿ."

ಸಾಹೇಬನ ಎದುರಿಗೆ ಆಡುವ ಸುಳ್ಳು ಗೌಡನ ಬಳಿಯೂ ಸಿದ್ಧವಿರಲಿಲ್ಲ. ಗೈರಹಾಜರ ಎಂದು ಬರೆದದ್ದನ್ನು ಗೀಟು ಎಳೆದು ಹೊಡೆದುಹಾಕಿದರು, ಬೇವಿನ ಮರದ ಮಗ್ಗುಲು ಎಂದು ಬಾವಿಯ ಜಾಗ ಬರೆದರು. ಭಾಗಪ್ಪ ಬಾಗಿಲಲ್ಲಿ ನಿಂತು ಪ್ರತಿ ಅಕ್ಷರ ಓದಿ ಹೇಳಿದ ಮೇಲೆಯೇ ಸತ್ಯವ್ವ ಮುಷ್ಟಿ ಬಿಚ್ಚಿದಳು. ಮೂರು ಹಳೆಯ ಹಾಳೆಗೆ ಮೂರು, ಇವತ್ತಿನದಕ್ಕೊಂದು, ಬಾವಿಯ ಕಾಗದಕ್ಕೊಂದು. ಕೊನೆಯದನ್ನು ಎಷ್ಟು ಒತ್ತಿದಳೆಂದರೆ ಮಸಿ ಕೆಳಗಿನ ಹಾಳೆಗೂ ಇಳಿಯಿತು.

ಜೀಪು ಹೋಯಿತು. ಎಲ್ಲರೂ ಎದ್ದರು. ಚಾವಡಿಯ ನೆಲದ ತುಂಬ ಕಣಿಕೆಯ ರವದಿ, ಧೂಳು. ಗುರಲಿಂಗಪ್ಪ ಹೊಸ್ತಿಲು ದಾಟುತ್ತ, ಸಿಟ್ಟಿಗೋ ಮೂವತ್ತು ವರ್ಷದ ರೂಢಿಗೋ, ತಿರುಗಿ ನೋಡದೆ ಅಂದ, "ಸತ್ಯವ್ವ, ಕಸಾ ಹೊಡದ ಹೋಗು ಬೇ."

ಮೂಲೆಯಲ್ಲಿ ಅವಳದೇ ಹಳೆಯ ಕಸಬರಿಗೆ ಇತ್ತು. ಸತ್ಯವ್ವ ಅದನ್ನು ತೆಗೆದುಕೊಂಡು ಬಂದು ಗೌಡನ ಕಾಲ ಮುಂದೆ ಹೊಸ್ತಿಲ ಮೇಲೆ ಇಟ್ಟಳು.

"ಕಣಿಕಿ ನಿಮ್ದು ಗೌಡ್ರ. ಕಸಾನೂ ನಿಮ್ದ."

ಮಾಳವ್ವ ಹಳ್ಳದಿಂದ ಇನ್ನೂ ಬಂದಿರಲಿಲ್ಲ. ಅವಳ ತಲೆಯ ಕೊಡ ಇಳಿಸಿಕೊಳ್ಳಲು ಸತ್ಯವ್ವ ಆ ಕಡೆಗೆ ನಡೆದಳು.